ಬಾಳಿಕೆ ಬರುವ ಮೇಲ್ಛಾವಣಿ: ಮಳೆಗಾಲಕ್ಕೆ ಮುನ್ನ ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕಲಬುರಗಿ ಜಿಲ್ಲೆಯಲ್ಲಿ ಮಳೆಗಾಲ ಬಂದಾಗಲೆಲ್ಲ ಮನೆ ಕುಸಿತದ ವರದಿಗಳು ಪಂಚಾಯತಿ ಕಚೇರಿಗೆ ಬರುವುದು ವಾಡಿಕೆಯಾಗಿದೆ. ಹೀಗೆ ಕುಸಿಯುವ ಮನೆಗಳಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಗಳೇ ಹೆಚ್ಚು. ಕುಸಿತ ರಾತ್ರಿ ಸಂಭವಿಸಿದರೆ ಮಲಗಿದ್ದವರಿಗೆ ಹೊರಗೆ ಓಡಲು ಸಮಯವೇ ಸಿಗುವುದಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಾಮೀಣ ವಸತಿಯು ಪಂಚಾಯತಿಗಳ ವಿಷಯವಾಗಿ ಸೇರಿದೆ. ವಸತಿ ಯೋಜನೆಗಳ ಫಲಾನುಭವಿಗಳನ್ನು ಗ್ರಾಮ ಸಭೆಯಲ್ಲಿಯೇ ಆಯ್ಕೆ ಮಾಡಲಾಗುತ್ತದೆ. ಆದುದರಿಂದ ಮನೆ ಮಂಜೂರಾದರೆ ಸದಸ್ಯರ ಹೊಣೆ ಮುಗಿಯುವುದಿಲ್ಲ. ಆ ಮನೆಯ ಛಾವಣಿ ಎಷ್ಟು ವರ್ಷ ಬಾಳುತ್ತದೆ ಎಂಬುದರ ಕಡೆಗೂ ಗಮನವಿರಬೇಕು.

ಹವಾಮಾನಕ್ಕೆ ತಕ್ಕ ಛಾವಣಿ

ಕರಾವಳಿ ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಅಲ್ಲಿನ ಜನರು ಬಹುಕಾಲದಿಂದ ಕಡಿದಾದ ಇಳಿಜಾರಿನ ಛಾವಣಿಯನ್ನು ಕಟ್ಟಿಕೊಂಡು ಬಂದಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ನಂತರ ಒಂದಕ್ಕೊಂದು ಕೊಂಡಿಯಂತೆ ಕೂಡುವ ಮಂಗಳೂರು ಹೆಂಚು ನಾಡಿನೆಲ್ಲೆಡೆ ಹರಡಿತು. ಆ ಛಾವಣಿ ಬಾಳಿಕೆ ಬರಲು ಹೆಂಚಿನ ಗಟ್ಟಿತನವೊಂದೇ ಕಾರಣವಲ್ಲ. ಬಿದ್ದ ನೀರು ಛಾವಣಿಯ ಮೇಲೆ ನಿಲ್ಲುವುದಿಲ್ಲ, ಮುಂದಕ್ಕೆ ಚಾಚಿದ ಸೂರು ಗೋಡೆಯನ್ನು ನೆನೆಯಗೊಡುವುದಿಲ್ಲ, ಒಡೆದ ಹೆಂಚನ್ನಷ್ಟೇ ತೆಗೆದು ಬದಲಿಸಬಹುದು. ನೀರು ನಿಲ್ಲದಿರುವುದು, ಗೋಡೆ ನೆನೆಯದಿರುವುದು, ದುರಸ್ತಿ ಸುಲಭವಾಗಿರುವುದು ಎಂಬ ಈ ಮೂರು ಗುಣಗಳು ಯಾವ ಊರಿನ ಛಾವಣಿಗೂ ಬೇಕಾದವು.

ನಮ್ಮ ಜಿಲ್ಲೆಯ ಸ್ಥಿತಿ ಬೇರೆ. ವಾರ್ಷಿಕ ಮಳೆ ಕರಾವಳಿಯ ಕಾಲು ಭಾಗದಷ್ಟಿರಬಹುದು. ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಇಂತಹ ಒಣ ನಾಡಿನಲ್ಲಿ ಬಿಸಿಲನ್ನು ತಡೆಯುವ ದಪ್ಪ ಮಣ್ಣಿನ ಮಾಳಿಗೆಯನ್ನು ಹಿರಿಯರು ಆರಿಸಿಕೊಂಡದ್ದು ವಿವೇಕದ ಕ್ರಮವೇ ಆಗಿತ್ತು. ಆದರೆ ಇಲ್ಲಿನ ಮಳೆ ಸಮನಾಗಿ ಹಂಚಿ ಬೀಳುವುದಿಲ್ಲ. ವಾರಗಟ್ಟಲೆ ಒಣಗಿದ ಮೇಲೆ ಎರಡು ಮೂರು ದಿನಗಳಲ್ಲಿಯೇ ಧಾರಾಕಾರವಾಗಿ ಸುರಿಯುವುದುಂಟು. 2020ರ ಅಕ್ಟೋಬರಿನಲ್ಲಿ ಅತಿವೃಷ್ಟಿ ಹಾಗೂ ಭೀಮಾ ನದಿಯ ಪ್ರವಾಹದಿಂದ ಜಿಲ್ಲೆಯಲ್ಲಾದ ಹಾನಿಯನ್ನು ಸದಸ್ಯರು ಕಂಡಿದ್ದಾರೆ. ಹೀಗಾಗಿ ನಮ್ಮ ಛಾವಣಿಯು ಎಂಟು ತಿಂಗಳು ಬಿಸಿಲನ್ನು ತಾಳಬೇಕು, ಉಳಿದ ಅವಧಿಯಲ್ಲಿ ಒಮ್ಮೆಲೇ ಬೀಳುವ ನೀರನ್ನು ಹೊರಹಾಕಬೇಕು.

ಮಣ್ಣಿನ ಮಾಳಿಗೆ ಏಕೆ ಕುಸಿಯುತ್ತದೆ

ಮಣ್ಣಿನ ಮಾಳಿಗೆಯಲ್ಲಿ ಕಂಬ ಮತ್ತು ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಕೊನೆಗೆ ಮಣ್ಣಿನ ಮುದ್ದೆ ಇರುತ್ತದೆ. ನೀರು ಇಳಿಯದಂತೆ ಮೇಲ್ಪದರಕ್ಕೆ ಸವಳು ಮಣ್ಣನ್ನು ಹಾಕುವ ರೂಢಿಯಿದೆ. ಸವಳಿನ ಕಣಗಳು ನೆನೆದಾಗ ಹಿಗ್ಗಿ ಸಂದುಗಳನ್ನು ಮುಚ್ಚುವುದರಿಂದ ಈ ಪದ್ಧತಿ ಸಾಧಾರಣ ಮಳೆಗೆ ತಕ್ಕದ್ದಾಗಿದೆ.

ತೊಂದರೆ ಬರುವುದು ಭಾರದಿಂದ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಒಂದು ಕೋಣೆಯ ಮೇಲೆ 30 ಸೆಂಟಿಮೀಟರ್ ದಪ್ಪದ ಮಣ್ಣಿದ್ದರೆ, ಅದು ಒಣಗಿರುವಾಗಲೇ ಸುಮಾರು 5.8 ಟನ್ ತೂಗುತ್ತದೆ. ಪೂರ್ತಿ ನೆನೆದಾಗ 7 ಟನ್ ಆಗುತ್ತದೆ. ಅದೇ ಕೋಣೆಗೆ 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಅದರ ತೂಕ ಸುಮಾರು 3 ಟನ್ ಮಾತ್ರ. ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣನ್ನು ಹೇರುತ್ತ ಹೋದರೆ ಭಾರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಇತ್ತ ತೊಲೆಯ ತುದಿ ಗೋಡೆಯೊಳಗೆ ಹುದುಗಿರುವೆಡೆ ತೇವ ಮತ್ತು ಗೆದ್ದಲಿನಿಂದ ಒಳಗೊಳಗೇ ಸವೆಯುತ್ತಿರುತ್ತದೆ. ಏರುವ ಭಾರವೂ ಇಳಿಯುವ ಬಲವೂ ಒಂದು ರಾತ್ರಿಯ ಮಳೆಯಲ್ಲಿ ಸಂಧಿಸಿದಾಗ ಮಾಳಿಗೆ ಕುಸಿಯುತ್ತದೆ. ಮಳೆ ನಿಂತ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು. ನೆನೆದ ಗೋಡೆಗಳು ಮಳೆ ನಿಂತ ನಂತರವೂ ಕುಸಿಯುವುದುಂಟು.

ಈ ಮುನ್ಸೂಚನೆಗಳು ಕಂಡರೆ ಆ ಕೋಣೆಯಲ್ಲಿ ಯಾರೂ ಮಲಗಬಾರದು: ಮೇಲಿನಿಂದ ಮಣ್ಣು ಉದುರುವುದು, ತೊಲೆ ಬಾಗಿರುವುದು ಅಥವಾ ಕಿರುಗುಟ್ಟುವುದು, ತೊಲೆ ಕೂತ ಜಾಗದ ಕೆಳಗೆ ಗೋಡೆಯಲ್ಲಿ ಹೊಸ ಬಿರುಕು ಮೂಡುವುದು, ಗೋಡೆ ಉಬ್ಬಿರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು. ಮಾಳಿಗೆಯನ್ನು ಉಳಿಸಿಕೊಳ್ಳಲೇಬೇಕಾದವರು ಬೇಸಿಗೆಯಲ್ಲಿಯೇ ಹಳೆಯ ಮಣ್ಣನ್ನು ತೆಗೆಸಿ, ತೊಲೆಯ ತುದಿಗಳನ್ನು ಪರೀಕ್ಷಿಸಿ, ತೆಳುವಾದ ಪದರವನ್ನು ಹೊಸದಾಗಿ ಹಾಕಿಸಬೇಕು. ತಾಡಪತ್ರಿಯನ್ನು ಮಳೆ ಆರಂಭವಾಗುವ ಮೊದಲೇ ಹೊದಿಸಬೇಕು. ನೆನೆದ ಮಾಳಿಗೆಗೆ ಹೊದಿಸಿದ ತಾಡಪತ್ರಿ ಭಾರವನ್ನು ಇಳಿಸುವುದಿಲ್ಲ, ತೇವವನ್ನು ಒಳಗೇ ಹಿಡಿದಿಡುತ್ತದೆ.

ಫರ್ಸಿ ಮತ್ತು ತಗಡಿನ ಛಾವಣಿ

ಶಹಾಬಾದ್ ಭಾಗದ ಸುಣ್ಣಕಲ್ಲಿನ ಫರ್ಸಿಯನ್ನು ತೊಲೆಗಳ ಮೇಲೆ ಹಾಸಿದ ಛಾವಣಿಗಳು ಜಿಲ್ಲೆಯಲ್ಲಿವೆ. ಇದರಲ್ಲಿ ಸೋರುವುದು ಸಾಮಾನ್ಯವಾಗಿ ಕಲ್ಲಲ್ಲ, ಕಲ್ಲುಗಳ ನಡುವಿನ ಸಂದು. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಕಲ್ಲುಗಳ ನಡುವೆ ತುಂಬಿದ ಗಾರೆ ಬಿರಿಯುತ್ತದೆ. ಆದ್ದರಿಂದ ಪ್ರತಿವರ್ಷ ಮೇ ತಿಂಗಳಲ್ಲಿ ಸಂದುಗಳನ್ನು ಕೆರೆದು ಮತ್ತೆ ತುಂಬಿಸಬೇಕು. ಕಬ್ಬಿಣದ ತೊಲೆಗಳಿದ್ದರೆ ತುಕ್ಕನ್ನು ಉಜ್ಜಿ ತೆಗೆದು ಬಣ್ಣ ಬಳಿಯಬೇಕು.

ತಗಡಿನ ಛಾವಣಿಗೆ ಮಳೆಗಿಂತ ಮುಂಗಾರು ಪೂರ್ವದ ಬಿರುಗಾಳಿ ದೊಡ್ಡ ಶತ್ರು. ಗಾಳಿಯು ತಗಡನ್ನು ಕೆಳಗಿನಿಂದ ಮೇಲಕ್ಕೆತ್ತುತ್ತದೆ. ತಗಡಿನ ಮೇಲೆ ಕಲ್ಲು ಹೇರುವ ರೂಢಿ ಅಪಾಯಕಾರಿ. ಗಾಳಿಗೆ ಕಲ್ಲೇ ಉರುಳಿ ಮನೆಯವರ ಮೇಲೆ ಬೀಳಬಹುದು. ತಗಡನ್ನು ಕೊಕ್ಕೆಯ ಬೋಲ್ಟುಗಳಿಂದ ಅಡ್ಡಪಟ್ಟಿಗಳಿಗೆ, ಅಡ್ಡಪಟ್ಟಿಗಳನ್ನು ಗೋಡೆಗೆ ಬಿಗಿಯಬೇಕು. ಬೋಲ್ಟಿನ ರಂಧ್ರ ತಗಡಿನ ಏಣಿನ ಮೇಲಿರಬೇಕೇ ಹೊರತು ನೀರು ಹರಿಯುವ ತಗ್ಗಿನಲ್ಲಿ ಇರಬಾರದು.

ಕಾಂಕ್ರೀಟ್ ಸ್ಲ್ಯಾಬ್: ಎಚ್ಚರಿಕೆ ಬೇಕಾದ ಹಂತಗಳು

ವಸತಿ ಯೋಜನೆಗಳಲ್ಲಿ ಈಗ ಕಾಂಕ್ರೀಟ್ ಸ್ಲ್ಯಾಬೇ ಹೆಚ್ಚು. ಆದರೆ ಕಾಂಕ್ರೀಟ್ ಎಂದಾಕ್ಷಣ ಶಾಶ್ವತವೆಂಬ ನಂಬಿಕೆ ಸರಿಯಲ್ಲ. ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಸರಳುಗಳಿರುವ ಕಾಂಕ್ರೀಟಿಗೆ ಕನಿಷ್ಠ ಎಂ-20 ದರ್ಜೆ ಬೇಕು. ಕಡಲ ತೀರದಲ್ಲಿ ಗಾಳಿಯಲ್ಲಿನ ಉಪ್ಪು ಸರಳುಗಳಿಗೆ ತುಕ್ಕು ಹಿಡಿಸುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ದರ್ಜೆ ಮತ್ತು ದಪ್ಪ ಹೊದಿಕೆ ಅವಶ್ಯ. ನಮ್ಮಲ್ಲಿ ಉಪ್ಪಿನ ಗಾಳಿಯಿಲ್ಲ. ಇಲ್ಲಿ ಸ್ಲ್ಯಾಬನ್ನು ಕೆಡಿಸುವುವು ಹೆಚ್ಚಿನ ನೀರು, ತೆಳುವಾದ ಹೊದಿಕೆ ಮತ್ತು ಸಾಲದ ಕ್ಯೂರಿಂಗ್.

ಮೊದಲನೆಯದು ನೀರಿನ ಪ್ರಮಾಣ. 50 ಕಿಲೋಗ್ರಾಂ ಸಿಮೆಂಟಿನ ಒಂದು ಚೀಲಕ್ಕೆ 25ರಿಂದ 27 ಲೀಟರ್ ನೀರು ಸಾಕು. ಕಲಸಲು ಸುಲಭವಾಗಲೆಂದು ಕೊಡಗಟ್ಟಲೆ ನೀರು ಸುರಿದರೆ ಹೆಚ್ಚಾದ ನೀರು ಆರಿಹೋದಾಗ ಕಾಂಕ್ರೀಟಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮುಂದೆ ಮಳೆನೀರು ಇಳಿಯುವುದು ಅವುಗಳ ಮೂಲಕವೇ.

ಎರಡನೆಯದು ಸರಳಿನ ಹೊದಿಕೆ. ಸರಳು ಸೆಂಟ್ರಿಂಗ್ ಹಲಗೆಗೆ ತಾಗಬಾರದು. ಕನಿಷ್ಠ 20 ಮಿಲಿಮೀಟರ್ ಎತ್ತರದ ಕವರ್ ಬ್ಲಾಕುಗಳ ಮೇಲೆ ಕೂರಬೇಕು. ಹೊದಿಕೆ ಇಲ್ಲದ ಸರಳು ತುಕ್ಕು ಹಿಡಿದು ಉಬ್ಬಿ, ಕೆಳಗಿನ ಗಿಲಾವನ್ನು ಹಕ್ಕಳೆಯಂತೆ ಕಳಚಿ ಬೀಳಿಸುತ್ತದೆ.

ಮೂರನೆಯದು ಕ್ಯೂರಿಂಗ್. ನಮ್ಮ ಭಾಗದಲ್ಲಿ ಹೆಚ್ಚು ಲೋಪವಾಗುವುದು ಇಲ್ಲಿಯೇ. ಒಣ ಬಿಸಿಲಿನ ಪ್ರದೇಶದಲ್ಲಿ ಸ್ಲ್ಯಾಬಿನ ಮೇಲೆ ಒಡ್ಡು ಕಟ್ಟಿ ಕನಿಷ್ಠ 10 ದಿನ, ಮಿಶ್ರ ಸಿಮೆಂಟ್ ಬಳಸಿದ್ದರೆ 14 ದಿನ ನೀರು ನಿಲ್ಲಿಸಬೇಕು. ಕಾಮಗಾರಿಗಳು ಮಾರ್ಚ್–ಮೇ ತಿಂಗಳುಗಳಲ್ಲಿ ಕೂಡಿಬಿದ್ದರೆ ಕುಡಿಯುವ ನೀರಿಗೇ ಕೊರತೆಯಿರುವ ಗ್ರಾಮಗಳಲ್ಲಿ ಕ್ಯೂರಿಂಗ್ ಮೂರು ನಾಲ್ಕು ದಿನಗಳಿಗೆ ಮುಗಿಯುತ್ತದೆ. ಕಾಗದದ ಮೇಲೆ ಮನೆ ಪೂರ್ಣವಾಗುತ್ತದೆ, ಆದರೆ ಸ್ಲ್ಯಾಬ್ ಆಯುಷ್ಯವಿಡೀ ದುರ್ಬಲವಾಗಿಯೇ ಉಳಿಯುತ್ತದೆ. ನವೆಂಬರಿನಿಂದ ಫೆಬ್ರವರಿಯೊಳಗೆ ಸ್ಲ್ಯಾಬ್ ಹಾಕುವಂತೆ ಫಲಾನುಭವಿಗಳನ್ನು ಪ್ರೇರೇಪಿಸಿದರೆ ನೀರೂ ದೊರೆಯುತ್ತದೆ, ಬಿಸಿಲಿನ ಬಾಧೆಯೂ ಕಡಿಮೆ.

ನೀರು ನಿಲ್ಲಗೊಡದಿರುವುದು

ಸಮತಟ್ಟಾಗಿ ಕಾಣುವ ಸ್ಲ್ಯಾಬಿಗೂ ವಾಟ ಬೇಕು. ಪ್ರತಿ ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರಿರಬೇಕು. 50 ಚದರ ಮೀಟರ್ ಛಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು ಸೇರುತ್ತದೆ. ಒಂದೇ ಸಣ್ಣ ಕೊಳವೆಯಿದ್ದು ಅದರಲ್ಲಿಯೂ ಎಲೆ, ಕಸ ಸಿಕ್ಕಿದ್ದರೆ ಈ ನೀರೆಲ್ಲ ಛಾವಣಿಯ ಮೇಲೆಯೇ ನಿಲ್ಲುತ್ತದೆ. ಹೊರಹೋಗುವ ಕೊಳವೆ ಗೋಡೆಯಿಂದ ಮುಂದಕ್ಕೆ ಚಾಚಿರಬೇಕು, ಇಲ್ಲವಾದರೆ ನೀರು ಗೋಡೆಗುಂಟ ಇಳಿದು ತಳಪಾಯವನ್ನು ನೆನೆಸುತ್ತದೆ. ಎರೆಭೂಮಿಯಲ್ಲಿ ಇದು ಇನ್ನೂ ಹಾನಿಕರ. ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುವ ಎರೆಮಣ್ಣು ಗೋಡೆಯನ್ನು ಬಿರಿಯಿಸಿದರೆ ಛಾವಣಿಯೂ ಬಿರಿಯುತ್ತದೆ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಲಾದ ಜಾಮಿ ಮಸೀದಿಯ ಛಾವಣಿಯು ಗುಮ್ಮಟ ಮತ್ತು ಕಮಾನುಗಳಿಂದ ಕೂಡಿದ್ದು, ಬಾಗಿದ ಮೈಯ ಮೇಲೆ ಬಿದ್ದ ಹನಿ ಜಾರಿಯೇ ಹೋಗುತ್ತದೆ. ಬಡವರ ಮನೆಗೆ ಗುಮ್ಮಟ ಬೇಕಿಲ್ಲ, ಆದರೆ ವಾಟದ ತತ್ವ ಒಂದೇ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಮೇ ಅಂತ್ಯದೊಳಗೆ ತಮ್ಮ ವಾರ್ಡಿನ ಮಣ್ಣಿನ ಮಾಳಿಗೆ ಮನೆಗಳನ್ನು ಸ್ವತಃ ನೋಡಿ, ಮೇಲಿನ ಮುನ್ಸೂಚನೆಗಳಿರುವ ಮನೆಗಳ ಪಟ್ಟಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ನೀಡುವುದು.

2. ಭಾರೀ ಮಳೆಯ ಮುನ್ಸೂಚನೆ ಇರುವ ರಾತ್ರಿಗಳಲ್ಲಿ ಆ ಕುಟುಂಬಗಳು ತಂಗಲು ಶಾಲೆ ಅಥವಾ ಸಮುದಾಯ ಭವನವನ್ನು ಮೊದಲೇ ಗೊತ್ತುಪಡಿಸುವುದು. ಒಂಟಿಯಾಗಿರುವ ವೃದ್ಧರು ಹಾಗೂ ಅಂಗವಿಕಲರ ಮನೆಗಳಿಗೆ ಮೊದಲು ಭೇಟಿ ನೀಡುವುದು.

3. ಗ್ರಾಮ ಸಭೆಯಲ್ಲಿ ವಸತಿ ಫಲಾನುಭವಿಗಳನ್ನು ಆಯ್ಕೆ ಮಾಡುವಾಗ, ನಿಯಮಗಳಿಗೆ ಒಳಪಟ್ಟು, ಕುಸಿಯುವ ಸ್ಥಿತಿಯಲ್ಲಿರುವ ಮನೆಗಳ ವಿಷಯವನ್ನು ಸಭೆಯ ಮುಂದಿಡುವುದು.

4. ಸ್ಲ್ಯಾಬ್ ಹಾಕುವ ದಿನ ಸ್ಥಳಕ್ಕೆ ಹೋಗಿ ಕವರ್ ಬ್ಲಾಕ್, ನೀರಿನ ಪ್ರಮಾಣ ಮತ್ತು ವಾಟವನ್ನು ಗಮನಿಸುವುದು. ಗೌಂಡಿಗಳಿಗೆ ಈ ಸಂಗತಿಗಳನ್ನು ತಿಳಿಸಿಕೊಡುವುದು. ಸಂಶಯವಿದ್ದಲ್ಲಿ ಇಂಜಿನಿಯರರನ್ನು ಕರೆಸುವುದು.

5. ಮನೆ ಕುಸಿದಲ್ಲಿ ತಡಮಾಡದೆ ಗ್ರಾಮ ಆಡಳಿತಾಧಿಕಾರಿಗಳಿಗೆ ತಿಳಿಸಿ, ಅವಶೇಷಗಳನ್ನು ತೆರವುಗೊಳಿಸುವ ಮೊದಲು ಛಾಯಾಚಿತ್ರ ಮತ್ತು ಪಂಚನಾಮೆ ಆಗುವಂತೆ ನೋಡಿಕೊಳ್ಳುವುದು.

ಕುಸಿದ ಮನೆಗೆ ಪರಿಹಾರ ಕೊಡಿಸುವುದು ಅಗತ್ಯವಾದ ಕೆಲಸ. ಆದರೆ ಬಾಗಿದ ತೊಲೆಯನ್ನು ಮೇ ತಿಂಗಳಲ್ಲಿಯೇ ಗುರುತಿಸಿ, ಆ ಕುಟುಂಬವು ಮಳೆಯ ರಾತ್ರಿ ಬೇರೆಡೆ ಮಲಗುವಂತೆ ಮಾಡುವುದು ಅದಕ್ಕಿಂತ ಮೊದಲು ಆಗಬೇಕಾದದ್ದು. ಇದಕ್ಕೆ ಅನುದಾನ ಬೇಕಿಲ್ಲ. ವಾರ್ಡಿನ ಪ್ರತಿ ಮನೆಯನ್ನೂ ಬಲ್ಲ ಸದಸ್ಯರಿಗಿಂತ ಈ ಕೆಲಸವನ್ನು ಚೆನ್ನಾಗಿ ನಿರ್ವಹಿಸಬಲ್ಲವರು ಬೇರಿಲ್ಲ. ಮಾನ್ಯ ಸದಸ್ಯರು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಚರ್ಚೆಗೆ ತೆಗೆದುಕೊಳ್ಳುವಂತೆ ಕೋರಲಾಗಿದೆ.