ಸೆರಗಿನ ಗಂಟು, ಕೆಲಸದ ಚೀಟಿ



ಏನಾದರೂ ನೆನಪಿಡಬೇಕಾದರೆ ನಮ್ಮ ಅವ್ವಂದಿರು ಏನು ಮಾಡುತ್ತಿದ್ದರು? ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಅವರೇನು ದಡ್ಡರಲ್ಲ. ಅಕ್ಷರ ಬಾರದ ಕಾಲಕ್ಕೆ ಅದೇ ಅವರ ಬರಹ.

ಆದರೆ ಗಂಟಿಗೆ ಒಂದು ಕೊರತೆ ಇದೆ. ಏನೋ ಕೆಲಸ ಇದೆ ಎಂದು ಅದು ಹೇಳುತ್ತದೆ. ಯಾವ ಕೆಲಸ ಎಂದು ಹೇಳುವುದಿಲ್ಲ.

ಕೂಡ್ಲಿಗಿ ಕಡೆಯ ಒಬ್ಬ ತಂಗಿ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದಳು. ಒಂದು ಸಂಜೆ ಅವಳ ಸೆರಗಿನಲ್ಲಿ ಮೂರು ಗಂಟು ಇದ್ದವು.

"ಏನವ್ವಾ ಇವು?" ಎಂದು ಕೇಳಿದೆ.

"ಒಂದು ಸಂಘದ ಕಂತು ಕಟ್ಟಾದು. ಇನ್ನೊಂದು ಸಂತೆಗೆ ಹೋಗಿ ಬೀಜ ತರಾದು. ಮೂರನೇದು ಮರ್ತೇಬಿಟ್ಟೀನಿ ಅಕ್ಕಾರೆ" ಎಂದು ನಕ್ಕಳು.

ನಾಲ್ಕು ದಿನದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತಿಳಿಯಿತು. ಮೂರನೆಯ ಗಂಟು ಕೂಸಿನ ಲಸಿಕೆಯದು! ಕೂಸು ಹುಟ್ಟಿದ 6, 10, 14ನೇ ವಾರಕ್ಕೆ ಲಸಿಕೆ ಇದೆ. 9 ತಿಂಗಳು ತುಂಬಿದ ಮೇಲೆ ದಡಾರದ ಲಸಿಕೆ. ಮುಂದಿನ ತಾರೀಕನ್ನು ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ. ದಿನ ತಪ್ಪಿದರೂ ಬಿಡಬಾರದು, ತಡವಾಗಿಯಾದರೂ ಹಾಕಿಸಬೇಕು. ಈ ತಂಗಿಯೂ ಹಾಕಿಸಿದಳು.

ಅವತ್ತೇ ನಾವೆಲ್ಲ ಕೂತು ಚೀಟಿ ಬರೆಯಲು ಶುರು ಮಾಡಿದೆವು. ಮಕ್ಕಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ರಾತ್ರಿ ಉಂಡ ಮೇಲೆ ನಾಳೆಯ ಕೆಲಸ ಬರೆಯಿರಿ. ಮೂರೋ ನಾಲ್ಕೋ ಇರಲಿ. ಹಿಟ್ಟು ಕಲಸುವುದು, ನೀರು ತರುವುದು ಬರೆಯಬೇಡಿ, ಅವನ್ನು ಯಾರು ಮರೆಯುತ್ತಾರೆ?

ಬರೀ "ಸಂಘ" ಎಂದು ಬರೆದರೆ ಅದೂ ಗಂಟಿನ ಹಾಗೇ. "ಗುರುವಾರ ಸಂಘದಲ್ಲಿ ಕಂತು ಕಟ್ಟುವುದು" ಎಂದು ಬರೆಯಿರಿ. ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು, ಅದನ್ನೂ ಬರೆಯಿರಿ. 2021ರಿಂದ ನಮ್ಮ ಆರೂ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲಾ ಕಚೇರಿ ಇರುವುದು ಹೊಸಪೇಟೆಯಲ್ಲಿ. ಹರಪನಹಳ್ಳಿಯಿಂದ ಅಷ್ಟು ದೂರ ಹೋಗಿ, ಒಂದು ಕಾಗದ ಮರೆತು ಬಂದರೆ ಬಸ್ ಚಾರ್ಜೂ ಹೋಯಿತು, ಕೂಲಿಯೂ ಹೋಯಿತು.

ಯಾವುದನ್ನು ಮೊದಲು ಬರೆಯಬೇಕು? ಹಡಗಲಿಯ ಮಲ್ಲಿಗೆ ಬೆಳೆಯುವವರನ್ನು ಕೇಳಿ. ಅವರು ನಸುಕಿನಲ್ಲೇ ಮೊಗ್ಗು ಬಿಡಿಸುತ್ತಾರೆ. ಅರಳಿದ ಮೇಲೆ ಬಿಡಿಸಿದರೆ ಬೆಲೆ ಸಿಗುವುದಿಲ್ಲ. ಕಳೆ ತೆಗೆಯುವ ಕೆಲಸ ಮಧ್ಯಾಹ್ನಕ್ಕೂ ಕಾಯುತ್ತದೆ. ಮೊಗ್ಗಿನ ಹಾಗೆ ಕಾಯದ ಕೆಲಸ ಚೀಟಿಯ ಮೇಲಿರಲಿ. ಲಸಿಕೆ, ಕಂತು ಅಂಥವೇ.

ಬರೆದರೆ ಮನಸ್ಸೂ ಹಗುರ. ಬ್ಲೂಮಾ ಜೈಗಾರ್ನಿಕ್ ಎಂಬ ಹೆಣ್ಣುಮಗಳು ಇದರ ಬಗ್ಗೆ ಪರೀಕ್ಷೆ ಮಾಡಿ 1927ರಲ್ಲಿ ಬರೆದಳು. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಜನರ ತಲೆಯಲ್ಲಿ ಉಳಿಯುತ್ತದೆ ಎಂದು ಆಕೆ ಕಂಡಳು. ರಾತ್ರಿ ನಿದ್ದೆ ಬಾರದೆ ಹೊರಳಾಡುವುದು ನಮಗೆ ಗೊತ್ತಿಲ್ಲವೇ?

ಮೊಬೈಲಿನಲ್ಲೂ ಇಂಥ ಚೀಟಿ ಬರೆಯಬಹುದು. ಬರೀ ಸಾಲು ಬರೆದು, ಮುಗಿದಾಗ ಗುರುತು ಹಾಕುವ ಸರಳ ಆ್ಯಪ್‌ಗಳಿವೆ. ಗಂಟೆ ಬಾರಿಸಿ ನೆನಪಿಸುವುದು ಅದರ ಗುಣ. ಆದರೆ ಮೊಬೈಲು ಮಗನ ಕೈಯಲ್ಲಿದ್ದರೆ? ನನಗೆ ಕಾಗದವೇ ವಾಸಿ.

ಮುಗಿದ ಕೆಲಸದ ಮೇಲೆ ಗೆರೆ ಎಳೆಯಿರಿ. ಉಳಿದದ್ದನ್ನು ನಾಳೆಯ ಚೀಟಿಗೆ ಬರೆಯಿರಿ. ಮೂರು ದಿನ ಬರೆದರೂ ಮುಗಿಯಲಿಲ್ಲವೇ? ಮನೆಯಲ್ಲಿ ಬೇರೆ ಯಾರಾದರೂ ಮಾಡಬಹುದೇ, ನೋಡಿ. ಎಲ್ಲ ನಾವೇ ಮಾಡಬೇಕೆಂದು ಎಲ್ಲೂ ಬರೆದಿಲ್ಲ.

ಹೋದ ವಾರ ಆ ತಂಗಿಯ ಮನೆಗೆ ಹೋಗಿದ್ದೆ. ಬಾಗಿಲ ಹಿಂದೆ ಮೊಳೆಗೆ ಚೀಟಿ ಸಿಕ್ಕಿಸಿದ್ದಳು. ನಾಲ್ಕು ಸಾಲು ಇದ್ದವು. "ರೇಷನ್ ತರುವುದು" ಎಂಬ ಸಾಲಿನ ಮುಂದೆ ಗಂಡನ ಹೆಸರು ಬರೆದಿದ್ದಳು.

"ಬಾಯಿಲೆ ಹೆಸರು ಹೇಳಂಗಿಲ್ಲ ಅಕ್ಕಾರೆ, ಬರೀಬೌದಲ್ಲ?" ಎಂದಳು.