ಕೆಟ್ಟ ಗರಗಸ: ಕೊಂಡವನು ಗ್ರಾಹಕನೇ?

ಹಲಸೂರಿನ ಬಡಗಿಯೊಬ್ಬನು ಸಾಲಮಾಡಿ, ಹೊತ್ತೊಯ್ಯಬಹುದಾದ ಗರಗಸದ ಯಂತ್ರವೊಂದನ್ನು ಕೊಂಡನೆನ್ನಿ. ಮೂರನೆಯ ದಿಮ್ಮಿಗೇ ಅಲಗು ಓರೆಯಾಯಿತು; ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಮಾರಿದವರು ‘ನಾಳೆ ಆಳು ಬರುತ್ತಾನೆ’ ಎನ್ನುತ್ತಾರೆ. ಆ ನಾಳೆ ಬರುವುದೇ ಇಲ್ಲ. ದೂರಿತ್ತರೆ ಅವರ ವಾದವೇ ಬೇರೆ: ‘ಸಂಪಾದನೆಗೆಂದು ಕೊಂಡವನು ಗ್ರಾಹಕನೇ ಅಲ್ಲ!’

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಈ ವಾದಕ್ಕೆ ಎಡೆಯಿದ್ದುದು ನಿಜ. 1993ರ ತಿದ್ದುಪಡಿ ಅದನ್ನು ಕಿರಿದುಗೊಳಿಸಿತು. ಕೊಯಮತ್ತೂರಿನ ಯಂತ್ರವೊಂದರ ಮೊಕದ್ದಮೆಯಲ್ಲಿ, 1995ರಲ್ಲಿ, ಫಿರ್ಯಾದಿ ಕಾರ್ಖಾನೆಗೆ ಸೋಲಾದರೂ, ಜೀವನೋಪಾಯಕ್ಕಾಗಿ ಯಂತ್ರ ಕೊಂಡು ತಾನೇ ನಡೆಸುವವನು ಗ್ರಾಹಕನೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಒಬ್ಬಿಬ್ಬರು ನೆರವಾದರೂ ಅಡ್ಡಿಯಿಲ್ಲ. 2019ರ ಕಾಯಿದೆಯೂ ಇದನ್ನು ಉಳಿಸಿಕೊಂಡಿದೆ. ಈಗ ಬಡಗಿಯು ತಾನಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ಅವಧಿ ಎರಡು ವರ್ಷ. ‘ನಾಳೆ’ಗಳೆಲ್ಲ ಅದರೊಳಗೇ ಸೇರುತ್ತವೆ.