ಮಳೆಯೂರಿನ ಗಸ್ತು ಬೈಕು: ಪೊಲೀಸ್ ಸವಾರಿಯ ತರಬೇತಿ ಸಾಗಿಬಂದ ದಾರಿ

ಪೊಲೀಸರ ಮೋಟಾರ್‌ಸೈಕಲ್ ಸವಾರಿ ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆಯೆಂಬ ತಿಳಿವಳಿಕೆ ಮೂಡಿದ್ದು, ಕುದುರೆಯ ಜಾಗಕ್ಕೆ ಎಂಜಿನ್ ಬಂದು ಬಹುಕಾಲ ಕಳೆದ ಮೇಲೆ. 1930ರ ದಶಕದಲ್ಲಿ ಲಂಡನ್ ಪೊಲೀಸರಿಗಾಗಿ ಹೆಂಡನ್‌ನಲ್ಲಿ ಚಾಲನಾ ಶಾಲೆ ಆರಂಭವಾದ ಮೇಲೆ, ರೇಸ್ ಚಾಲಕರಾಗಿದ್ದ ಕಾಟನ್‌ಹ್ಯಾಮ್‌ನ ಅರ್ಲ್ ಅಲ್ಲಿಗೆ ಸಲಹೆಗಾರರಾಗಿ ಬಂದು, ತಿರುವು ಹತ್ತಿರವಾಗುವ ಮೊದಲೇ ರಸ್ತೆಯ ಯಾವ ಬದಿಯಲ್ಲಿರಬೇಕು, ಎಷ್ಟು ವೇಗ ಸಾಕು, ಯಾವ ಗೇರ್ ಬೇಕು ಎಂಬುದನ್ನು ಒಂದಾದ ಮೇಲೊಂದರಂತೆ ನಿರ್ಧರಿಸುವ ಕ್ರಮವನ್ನು ರೂಢಿಗೆ ತಂದರು. ಇಂದು ಪೊಲೀಸ್ ಸವಾರರಿಗೆ ನಡೆಯುವ ಶಿಸ್ತಿನ ತರಬೇತಿಯಲ್ಲಿ ಹಲವೆಡೆ ಆ ಕ್ರಮದ ನೆರಳು ಕಾಣುತ್ತದೆ.

ಮಂಗಳೂರಿನ ಮಟ್ಟಿಗೆ ಈ ಚರಿತ್ರೆ ಮದ್ರಾಸಿನ ಕಡೆಯಿಂದ ಬರುತ್ತದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ದಕ್ಷಿಣ ಕೆನರಾ ಜಿಲ್ಲೆಯ ಪೊಲೀಸ್ ವ್ಯವಸ್ಥೆ 1859ರ ಮದ್ರಾಸ್ ಕಾಯ್ದೆಯಡಿ ನಡೆಯುತ್ತಿತ್ತು. ಭಾರತೀಯ ಸೇನೆ ಗಡಿ ಗಸ್ತಿಗೆಂದು 800 ಬುಲೆಟ್ ಮೋಟಾರ್‌ಸೈಕಲ್‌ಗಳನ್ನು ತರಿಸಿಕೊಂಡ ಮೇಲೆ, 1955ರಲ್ಲಿ ಮದ್ರಾಸಿನಲ್ಲೇ ಅವುಗಳ ತಯಾರಿಕೆಗೆ ಎನ್‌ಫೀಲ್ಡ್ ಇಂಡಿಯಾ ಹುಟ್ಟಿಕೊಂಡಿತು. ಸೇನೆಯಲ್ಲಿ ಪಳಗಿದ ಈ ಬೈಕು ಮುಂದಿನ ದಶಕಗಳಲ್ಲಿ ಪೊಲೀಸ್ ಠಾಣೆಗಳ ಅಂಗಳದಲ್ಲೂ ನೆಲೆಯೂರಿತು. ಆಗಿನ ಬುಲೆಟ್‌ನ ಗೇರ್ ಬಲಗಾಲಿಗೂ ಬ್ರೇಕ್ ಎಡಗಾಲಿಗೂ ಇದ್ದವು. ಈಗಿನ ಬೈಕುಗಳಲ್ಲಿ ಅದು ತಿರುವುಮುರುವಾಗಿರುವುದರಿಂದ, ವರ್ಷಗಟ್ಟಲೆ ಹಳೆಯ ಗಾಡಿಯಲ್ಲೇ ಕೆಲಸ ಮಾಡಿದವರು ಹೊಸದನ್ನು ಹತ್ತಿದಾಗ ಕಾಲಿನ ಅಭ್ಯಾಸವನ್ನೇ ಮರೆತು ಮತ್ತೆ ಕಲಿಯಬೇಕಾಗುತ್ತಿತ್ತು.

2010ರಲ್ಲಿ ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ಅಸ್ತಿತ್ವಕ್ಕೆ ಬಂದಿತು. 2017ರಲ್ಲಿ ರಾಜ್ಯದಾದ್ಯಂತ ಪ್ರತಿ ಕಾನ್‌ಸ್ಟೆಬಲ್‌ಗೂ ಒಂದೊಂದು ಬೀಟ್, ಅಂದರೆ ಗಸ್ತಿನ ಪ್ರದೇಶ, ವಹಿಸುವ ಸುಧಾರಿತ ವ್ಯವಸ್ಥೆ ಜಾರಿಯಾಯಿತು. ಹೀಗೆ ಬೈಕು ಕೆಲವರ ವಾಹನವಾಗಿ ಉಳಿಯದೆ ಸಾಮಾನ್ಯ ಸಿಬ್ಬಂದಿಯ ದಿನನಿತ್ಯದ ಸಾಧನವಾಯಿತು. ತರಬೇತಿಯ ಪ್ರಶ್ನೆ ಗಂಭೀರವಾಗುವುದು ಇಲ್ಲಿಂದಲೇ, ಏಕೆಂದರೆ ಆರ್‌ಟಿಒ ಮೈದಾನದಲ್ಲಿ ಎಂಟರ ಆಕಾರದಲ್ಲಿ ಬೈಕು ಸುತ್ತಿಸಿ ಪಡೆದ ಲೈಸೆನ್ಸ್ ರಸ್ತೆಗಿಳಿಯುವ ಅರ್ಹತೆಯನ್ನಷ್ಟೇ ಹೇಳುತ್ತದೆ, ಗಸ್ತಿನ ಅರ್ಹತೆಯನ್ನಲ್ಲ.

ಪೊಲೀಸ್ ಸವಾರಿಯ ಕಷ್ಟವಿರುವುದು ವೇಗದಲ್ಲಿ ಎಂಬ ಸಾಮಾನ್ಯ ಕಲ್ಪನೆ ಸರಿಯಲ್ಲ. ನಿಜವಾಗಿ ಬೆವರಿಳಿಸುವುದು ನಿಧಾನ. ಸುಮಾರು 190 ಕಿಲೋ ತೂಗುವ ಬೈಕು ನಡಿಗೆಯ ವೇಗಕ್ಕಿಳಿದಾಗ ಚಕ್ರಗಳ ಓಟದಿಂದ ಸಿಗುವ ಸ್ಥಿರತೆ ಕರಗಿಹೋಗುತ್ತದೆ. ಆಗ ಕ್ಲಚ್ಚನ್ನು ಪೂರ್ತಿ ಬಿಡದೆ, ಪೂರ್ತಿ ಹಿಡಿಯದೆ ಎಂಜಿನ್ ಬಲವನ್ನು ಸ್ವಲ್ಪಸ್ವಲ್ಪವೇ ಚಕ್ರಕ್ಕೆ ದಾಟಿಸುವ ‘ಹಾಫ್ ಕ್ಲಚ್’ ವಿಧಾನವನ್ನೂ ಹಿಂಬದಿ ಬ್ರೇಕಿನ ಹಗುರ ಒತ್ತಡವನ್ನೂ ಜೊತೆಯಾಗಿ ಬಳಸಬೇಕು. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ನುಸುಳುವಾಗ ಕಲಿಯುವವರ ದೃಷ್ಟಿ ಮುಂದಿನ ಚಕ್ರದ ಬುಡಕ್ಕೇ ಇಳಿಯುತ್ತದೆ, ದೃಷ್ಟಿ ಇಳಿದೊಡನೆ ಬೈಕು ವಾಲಿ ಕಾಲು ನೆಲಕ್ಕೆ ತಾಗುತ್ತದೆ. ಕತ್ತನ್ನು ತಿರುಗಿಸಿ ಮುಂದೆ ಹೋಗಬೇಕಾದ ಕಡೆಗೇ ನೋಡುವುದು ರೂಢಿಯಾಗುವವರೆಗೆ ಇದು ಪುನರಾವರ್ತನೆಯಾಗುತ್ತದೆ. ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಕಡೆಗೆ ಏರುವ ಚಡಾವಿನಲ್ಲಿ, ಹಿಂದೊಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಂಡು, ಸಿಟಿ ಬಸ್ಸಿನ ಬೆನ್ನಿಗೆ ನಿಂತು ಹೊರಡಬೇಕಾದ ಸವಾರನಿಗೆ ಈ ಅಭ್ಯಾಸದ ಬೆಲೆ ತಿಳಿಯುತ್ತದೆ.

ಮಂಗಳೂರಿನ ದೊಡ್ಡ ಪರೀಕ್ಷೆಯೆಂದರೆ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುವ ಊರಿನಲ್ಲಿ, ಒಣನೆಲದಲ್ಲಿ ಕಲಿತದ್ದು ಅರ್ಧ ಪಾಠ ಮಾತ್ರ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟುತ್ತದೆ, ಬ್ರೇಕ್ ಹಿಡಿಯಬೇಕೆಂದು ಹೊಳೆದು ಕೈ ಚಲಿಸುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಅಲ್ಲಿಂದ ಮುಂದೆ ಒಣರಸ್ತೆಯಲ್ಲಿ 20 ಮೀಟರಿಗೆ ನಿಲ್ಲಬಲ್ಲ ಬೈಕಿಗೆ, ಟೈರಿನ ಹಿಡಿತವನ್ನು ಅಳೆಯುವ ಘರ್ಷಣಾ ಗುಣಾಂಕ 0.7ರಿಂದ 0.4ಕ್ಕೆ ಕುಸಿದ ಒದ್ದೆ ರಸ್ತೆಯಲ್ಲಿ 35 ಮೀಟರ್ ಬೇಕಾಗುತ್ತದೆ. ಬಳಕೆಯಿಂದ ನುಣುಪಾದ ಕಾಂಕ್ರೀಟು, ರಸ್ತೆಯಂಚಿಗೆ ಹರಿದುಬಂದ ಕೆಂಪುಮಣ್ಣು, ದಕ್ಕೆಯಿಂದ ಹೊರಟ ಮೀನಿನ ಲಾರಿಗಳು ತೊಟ್ಟಿಕ್ಕಿಸುತ್ತ ಹೋಗುವ ಜಿಡ್ಡುನೀರು, ಇವು ಆ ಹಿಡಿತವನ್ನು ಇನ್ನಷ್ಟು ಕಸಿಯುತ್ತವೆ. ನಂತೂರು, ಕೂಳೂರು, ಪಂಪ್‌ವೆಲ್ ಜಂಕ್ಷನ್‌ಗಳಲ್ಲಿ ಟ್ಯಾಂಕರುಗಳ ನಡುವೆ ಸಾಗುವವರು ವೈರ್‌ಲೆಸ್ ಸಂದೇಶಕ್ಕೆ ಕಿವಿಗೊಟ್ಟು, ಹೆಲ್ಮೆಟ್ಟಿನ ಗಾಜಿಗೆ ಕವಿದ ಉಸಿರಿನ ಮಂಜಿನಾಚೆ ರಸ್ತೆಯನ್ನೂ ಗಮನಿಸಬೇಕು. ಗಮನವನ್ನು ಹೀಗೆ ಹಂಚಿಕೊಳ್ಳುವುದು ಹುಟ್ಟಿನಿಂದ ಬರುವ ಗುಣವಲ್ಲ, ಕಲಿಸಿದರೆ ಮಾತ್ರ ಬರುತ್ತದೆ.

ಬ್ರೇಕ್ ಹಿಡಿದಾಗ ಭಾರದ ಬಹುಪಾಲು ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಬೈಕನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಅಲ್ಲಿಯೇ ಇದೆ, ಆದರೂ ಪಲ್ಟಿಯಾಗುವ ಹೆದರಿಕೆಯಿಂದ ಕಾಲಿನ ಬ್ರೇಕನ್ನಷ್ಟೇ ನೆಚ್ಚಿಕೊಳ್ಳುವವರು ಬಹಳ. ಚಕ್ರ ಸಿಕ್ಕಿಬಿದ್ದು ಜಾರುವುದನ್ನು ತಡೆಯುವ ಎಬಿಎಸ್ ಸಾಧನ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಅದಿಲ್ಲದ ಹಿಂದಿನ ಬೈಕುಗಳಲ್ಲಿ ಆ ಕೆಲಸವನ್ನು ಸವಾರನ ಬೆರಳುಗಳೇ ಮಾಡಬೇಕು. ಒಂದೇ ಠಾಣೆಯಲ್ಲಿ ಎರಡೂ ಬಗೆಯ ಗಾಡಿಗಳಿದ್ದು, ಪಾಳಿಗನುಸಾರ ಕೈಬದಲಾಗುತ್ತಿದ್ದರೆ, ಎರಡರ ಮೇಲೂ ತುರ್ತು ಬ್ರೇಕಿನ ಅಭ್ಯಾಸ ನಡೆಯಬೇಕು. ಅದೂ ನೇಮಕಾತಿಯ ವರ್ಷ ಒಮ್ಮೆ ಮುಗಿಸಿಬಿಡದೆ, ಪ್ರತಿ ಮುಂಗಾರಿಗೆ ಮುನ್ನ, ಬೇಕೆಂದೇ ನೀರು ಹಾಯಿಸಿದ ನೆಲದ ಮೇಲೆ.